ಊರ ಹೊರಗಿನ ಸಿರಿ

"ಅಪ್ಪಾ, ಆ ಊರಿನಲ್ಲಿ ಇನ್ನೇನಿದೆ? ಮನೆಯನ್ನು ಮಾರಿ ಇಲ್ಲಿಗೇ ಬಂದುಬಿಡಿ" ಎಂದು ಬೆಂಗಳೂರಿನಲ್ಲಿರುವ ನನ್ನ ಮಗನು ವರ್ಷಕ್ಕೆ ಎರಡಾವರ್ತಿಯಾದರೂ ಹೇಳುತ್ತಾನೆ. ಅವನ ಮಾತಿನಲ್ಲಿ ಪ್ರೀತಿಯಿದೆ. ಆದುದರಿಂದ ನನಗೆ ಕೋಪವು ಬರುವುದಿಲ್ಲ. ಆದರೆ 'ಏನಿದೆ' ಎಂಬ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನಿರುವುದು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯನಾಗಿದ್ದವನಿಗೆ ಒಪ್ಪತಕ್ಕ ನಡತೆಯಲ್ಲ. ಈ ಪ್ರಶ್ನೆಯು ಅವನೊಬ್ಬನದೇ ಎಂದೂ ಹೇಳಲಾರೆನು. ದಾವಣಗೆರೆಯಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಮಂದಿ ಗೃಹಸ್ಥರು ಭಾನುವಾರ ಬಂದಿತೆಂದರೆ, "ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ನಮ್ಮೂರಿನಲ್ಲಿ ನೋಡತಕ್ಕದ್ದೇನೂ ಇಲ್ಲವಲ್ಲ!" ಎಂದು ಹಲುಬುವುದನ್ನು ಕೇಳಿದ್ದೇನೆ. ಅವರೆಲ್ಲರಿಗೂ ಸೇರಿಸಿಯೇ ಈ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ನಮ್ಮ ಊರು ಬಹು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. 2011ನೆಯ ಇಸವಿಯ ಜನಗಣತಿಯ ಪ್ರಕಾರ ಇಲ್ಲಿಯ ಜನಸಂಖ್ಯೆಯು ನಾಲ್ಕು ಲಕ್ಷ ಮೂವತ್ತು ಸಾವಿರಕ್ಕೆ ಮೇಲ್ಪಟ್ಟಿತ್ತು. ಹತ್ತಿಯ ಗಿರಣಿಗಳಿದ್ದ ಕಾಲದಲ್ಲಿ ಇದನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಕರೆಯುತ್ತಿದ್ದರು. ಗಿರಣಿಗಳ ಕಾಲವು ಮುಗಿದು, ಊರು ಕಾಲೇಜುಗಳಿಗೂ ವ್ಯಾಪಾರಕ್ಕೂ ಬೆಣ್ಣೆದೋಸೆಗೂ ಹೆಸರಾಯಿತು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯ ಮುಖ್ಯಸ್ಥಳವೂ ಆಯಿತು. ಇವೆಲ್ಲವೂ ಊರ ಒಳಗಿನ ಖ್ಯಾತಿ. ನಾನು ಹೇಳಬೇಕೆಂದಿರುವುದು ಊರ ಹೊರಗಿನ ಸಿರಿಯನ್ನು ಕುರಿತು. ಇಷ್ಟು ಜನರಿರುವ ಊರಾದರೂ ಯಾವ ಬೀದಿಯಿಂದ ಹೊರಟರೂ ಅರ್ಧ ಗಂಟೆಯೊಳಗಾಗಿ ಹೊಲಗದ್ದೆಗಳು ಕಣ್ಣಿಗೆ ಬೀಳುವುವು. ಮಹಾನಗರಗಳಲ್ಲಿರುವವರಿಗೆ ಈ ಭಾಗ್ಯವು ಸುಲಭವಲ್ಲ. ಅಲ್ಲಿ ಲಾಲ್‌ಬಾಗಿನಂತಹ ಸೊಗಸಾದ ತೋಟಗಳಿವೆ, ನಿಜ. ಆದರೆ ಬೇಲಿಯಿಲ್ಲದ ಬಯಲನ್ನು ನೋಡಬೇಕಾದರೆ ಊರನ್ನು ದಾಟುವಷ್ಟರಲ್ಲಿಯೇ ಅರ್ಧ ದಿನವು ಕಳೆದುಹೋಗುವುದು.

'ಉದ್ಯಾನ' ಎಂಬ ಸಂಸ್ಕೃತ ಶಬ್ದಕ್ಕೆ ನಾವು ತೋಟವೆಂದು ಅರ್ಥ ಹೇಳುತ್ತೇವೆ. ಆ ಶಬ್ದವನ್ನು ಬಿಡಿಸಿ ನೋಡಿದರೆ 'ಹೊರಟುಹೋಗುವುದು' ಎಂಬ ಅರ್ಥವು ಮೊದಲು ಕಾಣುವುದು. ಮನೆಯಿಂದ ಹೊರಟು ಹೋದಲ್ಲಿ ದೊರೆತ ಸ್ಥಳಕ್ಕೆ ಆಮೇಲೆ ಆ ಹೆಸರು ನಿಂತಿತು. ನನ್ನ ವಾದವೆಲ್ಲವೂ ಇಷ್ಟರಲ್ಲಿಯೇ ಅಡಗಿದೆ. ಸ್ಥಳವು ಹತ್ತಿರವಿದ್ದ ಮಾತ್ರಕ್ಕೆ ಪ್ರಯೋಜನವಿಲ್ಲ. ಹೊರಡಬೇಕು, ಮತ್ತು ಹೊರಡುವುದಕ್ಕೆ ಒಂದು ಕ್ರಮವನ್ನು ಕಲಿತಿರಬೇಕು.

ಮೊದಲನೆಯದಾಗಿ, ಬೆಳಗಿನ ಕಾಫಿಗೆ ಮುಂಚೆ ಹೋಗಿಬರತಕ್ಕ ಸ್ಥಳ. ಕುಂದುವಾಡದ ಕೆರೆಯನ್ನು ಊರಿನವರೆಲ್ಲರೂ ಬಲ್ಲರು. ಭದ್ರಾ ನಾಲೆಯ ನೀರಿನಿಂದ ತುಂಬುವ ಈ ಕೆರೆಯು ನಮ್ಮ ಕೊಳಾಯಿಗಳಿಗೆ ನೀರನ್ನು ಕೊಡುವುದಲ್ಲದೆ, ನಮ್ಮ ಕಾಲುಗಳಿಗೆ ವ್ಯಾಯಾಮವನ್ನೂ ಕೊಡುತ್ತದೆ. ಏರಿಯ ಮೇಲೆ ಸೂರ್ಯೋದಯದ ಹೊತ್ತಿಗೆ ವಕೀಲರೂ ವ್ಯಾಪಾರಿಗಳೂ ಗೃಹಿಣಿಯರೂ ನಡೆಯುತ್ತಿರುವರು. ಬೆಳ್ಳಕ್ಕಿಗಳೂ ನೀರುಕಾಗೆಗಳೂ ಮಿಂಚುಳ್ಳಿಗಳೂ ತಮ್ಮ ತಮ್ಮ ಉದ್ಯೋಗದಲ್ಲಿರುವುವು. ಆದರೆ ನಡೆಯುವವರಲ್ಲಿ ಬಹುಮಂದಿ ಕೈಯಲ್ಲಿಯ ಫೋನನ್ನು ನೋಡುತ್ತ ಸುತ್ತುಗಳನ್ನು ಎಣಿಸುವರೇ ಹೊರತು ನೀರಿನ ಕಡೆಗೆ ಕಣ್ಣನ್ನು ಹೊರಳಿಸುವುದಿಲ್ಲ. ಒಂದು ಸುತ್ತನ್ನು ಕಡಿಮೆ ಮಾಡಿಯಾದರೂ ಐದು ನಿಮಿಷ ನಿಂತು ನೋಡಬೇಕೆಂದು ನನ್ನ ಪ್ರಾರ್ಥನೆ.

ಎರಡನೆಯದಾಗಿ, ಅರ್ಧ ದಿನದ ವಿಹಾರ. ಊರಿನಿಂದ ಸುಮಾರು 15 ಕಿಲೋಮೀಟರು ದೂರದಲ್ಲಿರುವ ಕೊಂಡಜ್ಜಿಯಲ್ಲಿ ಕೆರೆ, ಗುಡ್ಡ, ಕಾಡು ಮೂರೂ ಒಂದೆಡೆಯಲ್ಲಿ ಕೂಡಿವೆ. ಕೊಂಡಜ್ಜಿ ಬಸಪ್ಪನವರು ಸ್ಕೌಟ್ ಚಳವಳಿಗಾಗಿ ದುಡಿದವರು; ಅಲ್ಲಿಯ ಸ್ಕೌಟ್ ತರಬೇತಿಯ ಕೇಂದ್ರದಲ್ಲಿ ಡೇರೆ ಹೊಡೆಯುವುದನ್ನೂ ಗಂಟು ಹಾಕುವುದನ್ನೂ ಕಲಿತ ಮಕ್ಕಳು ನಾಡಿನಲ್ಲೆಲ್ಲಾ ಇದ್ದಾರೆ. ಇನ್ನೊಂದು ಕಡೆಗೆ, ದೊಡ್ಡಬಾತಿಯ ಗುಡ್ಡವನ್ನು ದಾಟಿ 14 ಕಿಲೋಮೀಟರು ಹೋದರೆ ಹರಿಹರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಹೋಗದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಗುಡಿಗೆ ಹೋದವರೆಲ್ಲರೂ ಹೊಳೆಯನ್ನು ನೋಡಿದವರಲ್ಲ. 1868ರಲ್ಲಿ ಮುಗಿದ ಹಳೆಯ ಸೇತುವೆಯ, ಒಂದೊಂದು 60 ಅಡಿ ಅಗಲವಾದ 14 ಕಮಾನುಗಳನ್ನು ದಡದಲ್ಲಿ ಕುಳಿತು ಎಣಿಸುವುದು ಮಕ್ಕಳಿಗೆ ಒಂದು ಪಾಠವೇ ಸರಿ. ಸೂಳೆಕೆರೆಯಿಂದ ಹರಿದುಬರುವ ಹಳ್ಳವು ಅಲ್ಲಿಯೇ ತುಂಗಭದ್ರೆಯನ್ನು ಸೇರುವುದು. ಅದರ ಹೆಸರು ಹರಿದ್ರಾ, ಹಾಗೆಂದರೆ ಅರಿಸಿನ. ಮಳೆಗಾಲದ ಕೆನ್ನೀರನ್ನು ನೋಡಿದವರಿಗೆ ಆ ಹೆಸರು ಹಿತವಾಗಿ ತೋರುವುದು.

ಮೂರನೆಯದಾಗಿ, ಬುತ್ತಿ ಕಟ್ಟಿಕೊಂಡು ಹೋಗತಕ್ಕ ಇಡೀ ದಿನದ ಪ್ರಯಾಣ. ಆ ಹಳ್ಳದ ಮೂಲವನ್ನೇ ಹುಡುಕಿಕೊಂಡು ಹೊರಟರೆ ದಾರಿಯಲ್ಲಿ ಸಂತೇಬೆನ್ನೂರಿನ ಪುಷ್ಕರಣಿಯು ಸಿಕ್ಕುವುದು. ಪಾಳೆಯಗಾರನಾದ ಹನುಮಪ್ಪನಾಯಕನು 16ನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೊಳದ ನಡುವೆ ವಸಂತಮಂಟಪವು ನೀರಿನಲ್ಲಿ ತೇಲುವಂತೆ ನಿಂತಿದೆ. ಅಲ್ಲಿಂದ ಮುಂದೆ, ಎರಡು ಬೆಟ್ಟಗಳ ನಡುವೆ ಏರಿಯನ್ನು ಹಾಕಿ ನಿಲ್ಲಿಸಿದ ಸೂಳೆಕೆರೆ, ಅಥವಾ ಶಾಂತಿಸಾಗರ. ಅದರ ಸುತ್ತಳತೆಯು 40 ಮೈಲಿಯೆಂದು ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಶಾಂತವ್ವೆಯೆಂಬ ರಾಜಪುತ್ರಿಯು ಇದನ್ನು ಕಟ್ಟಿಸಿದಳೆಂದು ಐತಿಹ್ಯ. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿಂದ ಇಳಿಯುವ ನೀರು ಇಂದಿಗೂ ಗದ್ದೆತೋಟಗಳನ್ನು ಸಾಕುತ್ತಿದೆ. ಎಂಟು ನೂರು ವರ್ಷಗಳಿಗೂ ಹಳೆಯದಾದ ಏರಿಯ ಮೇಲೆ ಕುಳಿತು ಮೊಸರನ್ನವನ್ನು ತಿನ್ನುವ ಸುಖವನ್ನು ಯಾವ ಹೋಟಲಿನಲ್ಲಿ ಕೊಳ್ಳಬಹುದು?

ಬೆಟ್ಟವನ್ನು ಹತ್ತಬೇಕೆನ್ನುವವರಿಗೆ ಉಚ್ಚಂಗಿದುರ್ಗವಿದೆ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಈ ಕೋಟೆಯನ್ನು ಹೊಯ್ಸಳ ಇಮ್ಮಡಿ ಬಲ್ಲಾಳನು ಲೀಲೆಯಿಂದ ಗೆದ್ದನೆಂದು ಶಾಸನವು ಹೊಗಳುವುದು. ಗೆದ್ದ ದಿನವು ಶನಿವಾರವಾದುದರಿಂದ ಅವನಿಗೆ 'ಶನಿವಾರಸಿದ್ಧಿ' ಎಂಬ ಬಿರುದು ಬಂದಿತಂತೆ. ನಾವು ಸಂಸಾರಸಮೇತವಾಗಿ ಭಾನುವಾರ ಹತ್ತಿ ಇಳಿದರೆ ಬಿರುದು ಬಾರದಿದ್ದರೂ ರಾತ್ರಿ ಒಳ್ಳೆಯ ನಿದ್ರೆಯಂತೂ ಬರುವುದು. ಮೃಗಗಳನ್ನು ನೋಡಬೇಕೆನ್ನುವವರು ಹೊಳೆಯನ್ನು ದಾಟಿ, 1974ರಲ್ಲಿ ಏರ್ಪಟ್ಟ ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯಕ್ಕೆ ಹೋಗಬಹುದು. ಕೃಷ್ಣಸಾರವು ತಾನಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಸ್ಮೃತಿಕಾರರು ಹೇಳಿದ್ದಾರೆ. ಆ ಲೆಕ್ಕದಲ್ಲಿ ನಾವು ಪುಣ್ಯಭೂಮಿಯ ನೆರೆಯವರು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಿಂದ ಕೊಂಡುಕುರಿಗಳ ರಕ್ಷಣೆಗೆ ಮೀಸಲಾಗಿದೆ. ನಾಲ್ಕು ಕೊಂಬುಗಳುಳ್ಳ ಈ ನಾಚಿಕೆಯ ಪ್ರಾಣಿಯು ಭಾರತ ಮತ್ತು ನೇಪಾಳಗಳಲ್ಲಲ್ಲದೆ ಬೇರೆಲ್ಲಿಯೂ ಕಾಡಿನಲ್ಲಿ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅದಿರುವುದನ್ನೇ ಅರಿಯದವರು ಬಹುಮಂದಿ.

ಇಷ್ಟು ಸ್ಥಳಗಳಿದ್ದರೂ ಜನರು ಏಕೆ ಹೊರಡುವುದಿಲ್ಲ? ಸೋಮಾರಿತನವು ಒಂದು ಕಾರಣ. ಅದಕ್ಕಿಂತಲೂ ದೊಡ್ಡ ಕಾರಣವು ಭಯ. ಆ ಭಯವನ್ನು ನಾನೇ ಹನ್ನೊಂದು ವರ್ಷ ಅನುಭವಿಸಿದವನು. ಅದನ್ನು ಮುಚ್ಚಿಡದೆ ಹೇಳುವೆನು.

1993ನೆಯ ಇಸವಿಯ ಜನವರಿ ತಿಂಗಳು. ನಾನು ಆಗ ಹೊಸದಾಗಿ ಉಪಾಧ್ಯಾಯವೃತ್ತಿಗೆ ಸೇರಿದ್ದೆನು. ಎಂಟನೆಯ ತರಗತಿಯ ನಲವತ್ತು ಹುಡುಗರನ್ನು ಹರಿಹರಕ್ಕೆ ಕರೆದುಕೊಂಡು ಹೋಗಿ, ದೇವರ ದರ್ಶನವಾದ ಮೇಲೆ ಹೊಳೆಗೆ ಇಳಿಸಿದೆನು. ನೀರು ಮೊಣಕಾಲಿನಷ್ಟಿತ್ತು. ಹಿಂದಿನ ವರ್ಷ ನಾನೇ ಅಲ್ಲಿ ಸ್ನಾನ ಮಾಡಿದ್ದೆನಾದುದರಿಂದ ನನಗೆ ಯಾವ ಶಂಕೆಯೂ ಬರಲಿಲ್ಲ. ದಡದಲ್ಲಿ ಕುಳಿತು ಸಂಧಿಸೂತ್ರಗಳನ್ನು ಕೇಳುತ್ತಿರುವಾಗ, ಹತ್ತು ಹೆಜ್ಜೆ ಮುಂದೆ ನಿಂತಿದ್ದ ಹುಡುಗನೊಬ್ಬನು ಕೂಗದೆಯೇ ಮಾಯವಾದನು. ಮರಳನ್ನು ತೆಗೆದ ಗುಂಡಿಯೊಂದು ಅಲ್ಲಿ ನೀರಿನ ಕೆಳಗೆ ಬಾಯಿ ತೆರೆದಿತ್ತು. ನಾನು ನೀರಿಗಿಳಿಯುವಷ್ಟರಲ್ಲಿ, ಬಲೆ ಬಿಡಿಸುತ್ತಿದ್ದ ಅಂಬಿಗನೊಬ್ಬನು ಧುಮುಕಿ, ಹುಡುಗನ ಜುಟ್ಟು ಹಿಡಿದು ಮೇಲಕ್ಕೆಳೆದು ತಂದನು. ಹುಡುಗನು ನೀರನ್ನು ಕಾರಿಕೊಂಡು, ಅಳುತ್ತ ಎದ್ದು ಕುಳಿತನು. ಅಂಬಿಗನು ನನ್ನ ಕಡೆಗೆ ತಿರುಗಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಹೋದ ವರ್ಷದ ಹೊಳಿ ಈ ವರ್ಷ ಇರಂಗಿಲ್ಲ ಮೇಷ್ಟ್ರೇ. ಹುಡುಗ್ರನ್ನ ಇಳಿಸಾಕಿಂತ ಮುಂಚೆ ನಮ್ಮನ್ನ ಒಂದ್ ಮಾತು ಕೇಳಬೇಕಿತ್ತು."

ಅಂದಿನಿಂದ ನಾನು ಮಕ್ಕಳನ್ನು ಹೊಳೆಗಾಗಲಿ ಬೆಟ್ಟಕ್ಕಾಗಲಿ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿಬಿಟ್ಟೆನು. ನನ್ನ ಮಗನು ಬೆಳೆದದ್ದೂ ಆ ವರ್ಷಗಳಲ್ಲಿಯೇ. ಅವನು ಒಂದು ದಿನವಾದರೂ ನನ್ನೊಡನೆ ಹೊಳೆಯಲ್ಲಿ ಕಾಲಿಟ್ಟವನಲ್ಲ. "ಆ ಊರಿನಲ್ಲಿ ಏನಿದೆ?" ಎಂದು ಅವನು ಕೇಳುವಾಗ ತಪ್ಪು ಯಾರದೆಂದು ನನಗೆ ಗೊತ್ತಿದೆ.

2004ರಲ್ಲಿ ಒಬ್ಬ ತರುಣನು ಮದುವೆಯ ಕರೆಯೋಲೆಯನ್ನು ಹಿಡಿದು ನಮ್ಮ ಮನೆಗೆ ಬಂದನು. ಅಂದು ಮುಳುಗಿದ ಹುಡುಗನೇ ಅವನು. ಅಕ್ಷತೆಯನ್ನು ಕೊಟ್ಟು ಕುಳಿತವನು ಸ್ವಲ್ಪ ಹೊತ್ತಿನ ಮೇಲೆ ಹೇಳಿದನು: "ಗುರುಗಳೇ, ಆಮೇಲೆ ನಾನು ಆ ಅಂಬಿಗರ ಹತ್ತಿರವೇ ಈಜು ಕಲಿತೆ. ನನ್ನ ತಮ್ಮನೂ ನಿಮ್ಮ ತರಗತಿಯಲ್ಲಿಯೇ ಓದಿದ. ಅವನಿಗೆ ನೀವು ಹೊಳೆ ತೋರಿಸಲಿಲ್ಲವಂತೆ. ನನ್ನಿಂದಾಗಿ ಅವನಿಗೆ ಅದು ತಪ್ಪಿತಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ." ನನಗೆ ಉತ್ತರವೇ ತೋಚಲಿಲ್ಲ. ಅಪಾಯದಿಂದ ಪಾರಾದವನು ಈಜನ್ನು ಕಲಿತಿದ್ದನು; ಪಾರು ಮಾಡಬೇಕಾಗಿದ್ದ ನಾನು ಬಾಗಿಲನ್ನು ಮುಚ್ಚಿಕೊಂಡು ಕುಳಿತಿದ್ದೆನು! ಆ ವರ್ಷವೇ ಮತ್ತೆ ಹೊರಟೆನು. ನಿವೃತ್ತನಾಗುವವರೆಗೂ ಒಂದು ವರ್ಷವೂ ತಪ್ಪಿಸಲಿಲ್ಲ. ದೇವರ ದಯೆಯಿಂದ ಯಾವ ಕೇಡೂ ಆಗಲಿಲ್ಲ.

ಹೀಗೆ ಹೋಗಿಬಂದು ನಾನು ಕಲಿತ ಕ್ರಮವು ಬಹು ಸರಳವಾದುದು. ನೀರಿಗಿಳಿಯುವ ಮುಂಚೆ ಆ ದಡದಲ್ಲಿ ಬಾಳುವವರನ್ನು ಕೇಳತಕ್ಕದ್ದು. ಅವರು ಬೇಡವೆಂದರೆ ಮರುಮಾತಿಲ್ಲದೆ ದಡದಲ್ಲಿಯೇ ಕುಳಿತುಕೊಳ್ಳತಕ್ಕದ್ದು. ಮಳೆಗಾಲದಲ್ಲಿಯೂ ಅಣೆಕಟ್ಟಿನಿಂದ ನೀರು ಬಿಟ್ಟಾಗಲೂ ಹೊಳೆಯನ್ನು ಕಣ್ಣಿನಿಂದ ಮಾತ್ರ ಅನುಭವಿಸಬೇಕು. ಮಕ್ಕಳನ್ನು ಇಬ್ಬಿಬ್ಬರಂತೆ ಜೊತೆ ಮಾಡಿ, ಒಬ್ಬರು ಇನ್ನೊಬ್ಬರ ಮೇಲೆ ಕಣ್ಣಿಟ್ಟಿರುವಂತೆ ಹೇಳಬೇಕು. ಬಿಸಿಲುಗಾಲದಲ್ಲಿ ಹತ್ತು ಗಂಟೆಗೆ ಮುಂಚೆಯೇ ಬೆಟ್ಟದಿಂದ ಇಳಿದಿರಬೇಕು. ನಮ್ಮ ಸೀಮೆಯ ಬಂಡೆಗಳು ಏಪ್ರಿಲ್ ತಿಂಗಳಲ್ಲಿ ಕಾದ ಹೆಂಚಿನಂತಾಗುವುವು. ಕುಡಿಯುವ ನೀರು ಮನೆಯದೇ ಇರಲಿ. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದಿಷ್ಟು ಮಂಡಕ್ಕಿಯಾದರೆ ಧಾರಾಳವಾಯಿತು. ತಂದ ಕಾಗದವನ್ನೂ ಪ್ಲಾಸ್ಟಿಕ್ ಚೀಲವನ್ನೂ ಮನೆಗೇ ಹಿಂದಕ್ಕೆ ತರಬೇಕು. ಎಲ್ಲಕ್ಕೂ ಮೊದಲು ಮಕ್ಕಳಿಗೆ, ಹುಡುಗರೆನ್ನದೆ ಹುಡುಗಿಯರೆನ್ನದೆ, ಈಜನ್ನು ಕಲಿಸಬೇಕು. ನಮ್ಮ ಊರಿನಲ್ಲಿ ಈಜು ಕಲಿಸುವ ಕೊಳವಿದೆ; ಟ್ಯೂಷನ್ನಿಗೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ತೆಗೆದಿಟ್ಟರೆ ಅದು ಪ್ರಾಣಕ್ಕೆ ಕೊಟ್ಟ ವಿಮೆಯಾಗುವುದು.

ಇನ್ನೊಂದು ಮಾತು. 1980ರ ದಶಕದಲ್ಲಿ ಇದೇ ಹೊಳೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ದನಿಯೆತ್ತಿದವರು, ನಿತ್ಯವೂ ನೀರಿನ ಸಂಬಂಧವಿದ್ದ ದಡದ ಹಳ್ಳಿಗಳ ಜನರು ಮತ್ತು ಅವರ ಪರವಾಗಿ ನಿಂತವರು. ಮರಳಿನ ಗುಂಡಿಯನ್ನು ಮೊದಲು ಕಂಡವನೂ ಅಂಬಿಗನೇ. ಹೊಳೆಯನ್ನು ನೋಡದವನಿಗೆ ಹೊಳೆಯು ಕೆಟ್ಟುದು ಹೇಗೆ ತಿಳಿಯಬೇಕು? ನಮ್ಮ ಮಕ್ಕಳು ಕೆರೆಗೂ ಹೊಳೆಗೂ ಹೋಗುವುದನ್ನು ನಾವು ನಿಲ್ಲಿಸಿದರೆ, ನಾಳೆ ಅವುಗಳ ಪರವಾಗಿ ಮಾತನಾಡುವವರೂ ನಿಂತುಹೋಗುವರು. ಆದುದರಿಂದ ಇದು ಬರಿಯ ವಿನೋದದ ಮಾತಲ್ಲ, ಗೃಹಸ್ಥಧರ್ಮದಲ್ಲಿಯೇ ಸೇರಿದುದು.

ಕಳೆದ ಜುಲೈ ತಿಂಗಳ ಒಂದು ಭಾನುವಾರ ಮಗನು ಸಂಸಾರದೊಡನೆ ಬಂದಿದ್ದನು. ನಾನು ಎಲ್ಲರನ್ನೂ ಹರಿಹರದ ಸೇತುವೆಗೆ ಕರೆದುಕೊಂಡು ಹೋದೆನು. ನಮ್ಮಲ್ಲಿ ಎರಡು ವಾರಗಳಿಂದ ಹನಿ ಮಳೆಯೂ ಇರಲಿಲ್ಲ. ಹೊಳೆಯು ಮಾತ್ರ ದಡದಿಂದ ದಡಕ್ಕೆ ತುಂಬಿ ಹರಿಯುತ್ತಿತ್ತು. ಆರು ವರ್ಷದ ಮೊಮ್ಮಗನು, "ಅಜ್ಜಾ, ಇಲ್ಲಿ ಮಳೆಯೇ ಬಂದಿಲ್ಲವಲ್ಲ, ಇಷ್ಟು ನೀರು ಎಲ್ಲಿಂದ ಬಂತು?" ಎಂದು ಕೇಳಿದನು. ಪಶ್ಚಿಮಘಟ್ಟಗಳ ಮಳೆಯನ್ನೂ, ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗುವುದನ್ನೂ ಅವನಿಗೆ ವಿವರಿಸಿದೆನು. ಅವನ ಹಿಂದೆ ನಿಂತಿದ್ದ ನನ್ನ ಮಗನೂ ಸುಮ್ಮನೆ ಕೇಳುತ್ತಿದ್ದನು. ಹಿಂದಿರುಗುವಾಗ ಮನೆಯನ್ನು ಮಾರುವ ಮಾತನ್ನು ಅವನು ಎತ್ತಲಿಲ್ಲ. "ಬೇಸಗೆಯಲ್ಲಿ ನೀರು ಇಳಿದ ಮೇಲೆ ಇವನನ್ನು ನಿಮ್ಮ ಹತ್ತಿರ ಒಂದು ತಿಂಗಳು ಬಿಡುತ್ತೇನೆ, ಅಪ್ಪಾ" ಎಂದಷ್ಟೇ ಹೇಳಿದನು.

ವಾಚಕ ಮಹಾಶಯರು ತಮ್ಮ ತಮ್ಮ ಊರುಗಳ ಸುತ್ತಲೂ ಇರುವ ಇಂತಹ ಕೆರೆ, ಹೊಳೆ, ಗುಡ್ಡಗಳನ್ನು ಒಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡು, ತಿಂಗಳಿಗೆ ಒಂದಾದರೂ ಭಾನುವಾರವನ್ನು ಅವಕ್ಕೆ ಮೀಸಲಿಡಬೇಕೆಂದು ಬೇಡಿಕೊಂಡು ಈ ಬರಹವನ್ನು ಮುಗಿಸುತ್ತೇನೆ.