ಗಾಜಿನ ತೊಟ್ಟಿಯ ಹವಳ ಬಿಳಚಿದಾಗ

ತೊಟ್ಟಿಯಲ್ಲಿ ಸಾಕಿದ ಹವಳವು ಬಿಳಚಿತೆಂದರೆ, ಅದರ ಒಡಲಲ್ಲಿ ನೆಲಸಿ ಬೆಳಕಿನಿಂದ ಆಹಾರವನ್ನು ಒದಗಿಸುವ ಸೂಕ್ಷ್ಮ ಪಾಚಿಗಳು ಬಹುಮಟ್ಟಿಗೆ ಹೊರಬಿದ್ದಿವೆಯೆಂದು ತಿಳಿಯಬೇಕು. ಹವಳವು ಆಗಲೇ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ಔಷಧವನ್ನು ಅರಸುವ ಮುನ್ನ ನಾವು ನೀರಿನ ಶಾಖವನ್ನೂ ಉಪ್ಪನ್ನೂ ಅಳೆಯೋಣ.

ಕಡಲನೀರಿನ 1000 ಭಾಗಗಳಲ್ಲಿ ಉಪ್ಪು ಸುಮಾರು 35 ಭಾಗ. ನೀರು ಆವಿಯಾದರೂ ಉಪ್ಪು ಹಿಂದುಳಿಯುವುದರಿಂದ, ಆರಿದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರನ್ನೇ ಸುರಿಯುತ್ತ ಹೋದರೆ ತೊಟ್ಟಿಯು ಉಪ್ಪಿನಾಗರವಾದೀತು!

ಕುಂದಾಪುರದವರಿಗೆ ಕಡಲು ಸಮೀಪವೇನೋ ಸರಿ. ಆದರೆ ಪಂಚಗಂಗಾವಳಿಯ ಹೊಳೆಗಳು ಕೂಡುವ ಗಂಗೊಳ್ಳಿಯ ಅಳಿವೆಯಲ್ಲಿ ಮಳೆಗಾಲದಂದು ತುಂಬಿತಂದ ನೀರು ಹವಳಕ್ಕೆ ತೀರ ಸಪ್ಪೆ.

ಸತ್ತ ಹವಳಕ್ಕೆ ಬದಲಾಗಿ ಬೈಂದೂರಿನ ಉತ್ತರಕ್ಕೆ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಿಂದ ಇನ್ನೊಂದನ್ನು ಮುರಿದು ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಲ್ಲುಹವಳಗಳಿಗೂ ಅನ್ವಯಿಸುತ್ತದೆ.