ಯಂತ್ರಗಳ ನಡುವೆ ಮನುಷ್ಯರನ್ನು ಅಭ್ಯಸಿಸಿದ ವಿದುಷಿ

ಮಗಳು ಮುಂದೆ ಏನು ಓದಬೇಕೆಂದು ಆಲೋಚಿಸುವ ತಂದೆತಾಯಿಗಳು ವೈದ್ಯವಿದ್ಯೆ, ಇಂಜಿನಿಯರಿಂಗ್, ಉಪಾಧ್ಯಾಯವೃತ್ತಿ ಇವುಗಳನ್ನು ಚೆನ್ನಾಗಿ ಬಲ್ಲರು. ಆದರೆ ಕಂಪ್ಯೂಟರು, ಮೊಬೈಲ್ ಫೋನು ಮೊದಲಾದವುಗಳಿಂದ ಮನುಷ್ಯರ ನಡೆನುಡಿಗಳು ಹೇಗೆ ಮಾರ್ಪಡುವವೆಂಬದನ್ನು ಶೋಧಿಸಿ ಕಲಿಸುವದೂ ಒಂದು ವಿದ್ಯಾವೃತ್ತಿಯಾಗಿರುವದೆಂಬದು ಅನೇಕರಿಗೆ ತಿಳಿಯದು. ಇದರ ಸ್ವರೂಪವನ್ನು ಅಮೇರಿಕಾ ದೇಶದ ಶೆರಿ ಟರ್ಕಲ್ ಎಂಬವರ ದೃಷ್ಟಾಂತದಿಂದ ವಿವರಿಸುವೆವು.

ಇವರು 1948ರಲ್ಲಿ ನ್ಯೂಯಾರ್ಕ್ ಪಟ್ಟಣದ ಬ್ರೂಕ್ಲಿನ್ ಭಾಗದಲ್ಲಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರವನ್ನೂ ಮನಶ್ಶಾಸ್ತ್ರವನ್ನೂ ಕೂಡಿಸಿ ಅಭ್ಯಾಸಮಾಡಿ 1976ರಲ್ಲಿ ಡಾಕ್ಟರ್ ಪದವಿಯನ್ನು ಹೊಂದಿದರು. ಅದೇ ವರ್ಷ ಎಂ.ಐ.ಟಿ. ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಯಂತ್ರಗಳನ್ನು ನಿರ್ಮಿಸುವವರ ಮಧ್ಯದಲ್ಲಿದ್ದುಕೊಂಡು, ಆ ಯಂತ್ರಗಳು ಮನುಷ್ಯರನ್ನು ಏನು ಮಾಡುತ್ತವೆಂದು ವಿಚಾರಿಸುವದೇ ಇವರ ಕೆಲಸವಾಯಿತು.

ಈ ವಿದ್ಯೆಗೆ ಬೇಕಾದ ಮುಖ್ಯ ಸಾಧನಗಳು ಎರಡು: ಒಳ್ಳೆಯ ಪ್ರಶ್ನೆ, ತಾಳ್ಮೆಯುಳ್ಳ ಕಿವಿ. ಟರ್ಕಲ್ ಅವರು ಮಕ್ಕಳು ಆಡುವಲ್ಲಿಗೆ ಹೋಗಿ, ಮೆರ್ಲಿನ್ ಎಂಬ ವಿದ್ಯುತ್ ಆಟಿಕೆಯೊಡನೆ ಅವರು ಪಂದ್ಯವಾಡುವದನ್ನು ನೋಡಿದರು. ಸೋತ ಹುಡುಗನು, ಆಟಿಕೆಯು ಮೋಸಮಾಡಿತೆಂದು ಸಿಟ್ಟಾದನು. ಮೋಸಮಾಡಬೇಕಾದರೆ ತಾನು ಮೋಸಮಾಡುತ್ತೇನೆಂಬ ಅರಿವು ಇರಬೇಡವೇ ಎಂದು ಮಕ್ಕಳಲ್ಲಿ ವಾದ ಹುಟ್ಟಿತು. ವಸ್ತುವು ತಾನಾಗಿ ಚಲಿಸುವದೋ ಎಂಬದರ ಮೇಲೆ ಮಕ್ಕಳು ಅದಕ್ಕೆ ಜೀವವುಂಟೋ ಇಲ್ಲವೋ ಎಂದು ನಿರ್ಣಯಿಸುತ್ತಾರೆಂದು ಪೂರ್ವದಲ್ಲಿ ಪಿಯಾಜೆ ಎಂಬ ಪಂಡಿತರು ತೋರಿಸಿದ್ದರು. ಈ ಮಕ್ಕಳಾದರೋ ಅದು ಯೋಚಿಸುವದೋ, ತಿಳಿಯುವದೋ ಎಂದು ಕೇಳತೊಡಗಿದ್ದರು. ಈ ಶೋಧನೆಯು 1984ರಲ್ಲಿ ‘ದಿ ಸೆಕೆಂಡ್ ಸೆಲ್ಫ್’ ಎಂಬ ಗ್ರಂಥವಾಗಿ ಹೊರಬಂದಿತು.

1995ರ ‘ಲೈಫ್ ಆನ್ ದಿ ಸ್ಕ್ರೀನ್’ ಎಂಬ ಗ್ರಂಥದಲ್ಲಿ ಅವರು, ಜನರು ಅಂತರ್ಜಾಲದ ಆಟಗಳಲ್ಲಿ ಬೇರೆಬೇರೆ ಹೆಸರು ವೇಷಗಳನ್ನು ತಾಳಿ ತಮ್ಮನ್ನು ತಾವೇ ಅರಿತುಕೊಳ್ಳಬಹುದೆಂದು ಬಹಳ ಭರವಸೆಯಿಂದ ಬರೆದರು. ಆದರೆ ಮುಂದಿನ ವರ್ಷಗಳಲ್ಲಿ ಕಂಡದ್ದು ಬೇರೆಯಾಗಿತ್ತು. ಊಟದ ಮೇಜಿನಲ್ಲಿಯೂ ತಾಯಿತಂದೆಗಳ ಕಣ್ಣು ಫೋನಿನ ಮೇಲೆಯೇ ಇರುವದೆಂದು ಮಕ್ಕಳು ಅವರೊಡನೆ ದೂರಿಕೊಂಡರು. ವೃದ್ಧಾಶ್ರಮವೊಂದರಲ್ಲಿ ದುಃಖಿತಳಾದ ಮುದುಕಿಯು ಸೀಲ್ ಮರಿಯಂತಿರುವ ಪಾರೋ ಎಂಬ ಯಂತ್ರವನ್ನು ನೇವರಿಸುತ್ತಾ ಸಮಾಧಾನ ಹೊಂದುವದನ್ನು ನೋಡಿ, ಸುತ್ತಲಿದ್ದವರು ಮೆಚ್ಚಿಕೊಂಡರೂ ಇವರ ಮನಸ್ಸು ನೊಂದಿತು. ಯಾಕಂದರೆ ಆ ಯಂತ್ರಕ್ಕೆ ದುಃಖವೆಂದರೇನೆಂಬದೇ ತಿಳಿಯದು. ಆದಕಾರಣ 2011ರ ‘ಅಲೋನ್ ಟುಗೆದರ್’ ಎಂಬ ಗ್ರಂಥದಲ್ಲಿ ತಮ್ಮ ಹಿಂದಿನ ಭರವಸೆಯನ್ನು ಬಹಿರಂಗವಾಗಿ ತಿದ್ದಿಕೊಂಡರು.

ಪ್ರಸಿದ್ಧಿಗೆ ಬಂದ ಮೇಲೆ ಹೀಗೆ ತಿದ್ದಿಕೊಳ್ಳುವದು ಸುಲಭವಲ್ಲ. ಆದರೆ ಕಂಡದ್ದನ್ನು ಕಂಡಂತೆ ಹೇಳುವದೇ ಶೋಧಕರ ಧರ್ಮವೆಂದು ನಾವೆಣಿಸುತ್ತೇವೆ. ಟರ್ಕಲ್ ಅವರು ಯಂತ್ರಗಳ ವೈರಿಯಲ್ಲ. ಅಡಿಗೆಮನೆ, ಊಟದ ಮೇಜು ಇಂಥ ಕೆಲವು ಸ್ಥಳಗಳನ್ನಾದರೂ ಮಾತುಕತೆಗಾಗಿ ಫೋನಿಲ್ಲದೆ ಉಳಿಸಿಕೊಳ್ಳಿರೆಂಬದೇ ಅವರ ಬುದ್ಧಿವಾದ.

ಜನರ ಮಾತನ್ನು ಕುತೂಹಲದಿಂದ ಆಲಿಸಬಲ್ಲ ಹುಡುಗಿಯು ನಿಮ್ಮ ಮನೆಯಲ್ಲಿದ್ದರೆ, ಆಕೆಗೆ ಇಂಥ ವಿದ್ಯೆಯೂ ತೆರೆದಿರುವದೆಂದು ತಿಳಿಸಿರಿ. ಹಾಗೆ ತಿಳಿಸುವಾಗ ಕೈಯಲ್ಲಿರುವ ಫೋನನ್ನು ಕೊಂಚ ಹೊತ್ತು ಕೆಳಗಿಟ್ಟು, ಆಕೆ ಕೊಡುವ ಉತ್ತರವನ್ನು ಪೂರ್ತಿಯಾಗಿ ಕೇಳಬೇಕೆಂದು ವಿಜ್ಞಾಪಿಸುತ್ತೇವೆ.