ದಂಡಿನ ಚರ್ಚುಗಳೂ ಒಂದು ವಿಭಕ್ತಿಯೂ

ಬೆಂಗಳೂರಿನ ದಂಡುಪ್ರದೇಶದಲ್ಲಿ ಸಂಜೆಯ ಹೊತ್ತು ಅಡ್ಡಾಡುವವನಿಗೆ ಒಂದೆರಡು ಮೈಲಿಯೊಳಗೇ ಅದೆಷ್ಟು ಚರ್ಚುಗಳು ಕಣ್ಣಿಗೆ ಬೀಳುತ್ತವೆ! ಮಹಾತ್ಮಾ ಗಾಂಧಿ ರಸ್ತೆಯ ಪಡುವಣ ತುದಿಯಲ್ಲಿ ಸೇಂಟ್ ಮಾರ್ಕ್ಸ್, ಮೂಡಣ ತುದಿಯಲ್ಲಿ ಟ್ರಿನಿಟಿ, ಕಬ್ಬನ್ ರಸ್ತೆಗೆ ಹೊರಳಿದರೆ ಕೆಂಬಣ್ಣದ ಸೇಂಟ್ ಆಂಡ್ರೂಸ್. ಭಕ್ತರು ಹೆಚ್ಚಿದ್ದರಿಂದಲೇ ಇವು ಹೆಚ್ಚಿದವೆಂದು ಭಾವಿಸಿದರೆ ತಪ್ಪಾದೀತು. ಪಟಾಲಮಿನ ಇಂಗ್ಲಿಷ್ ಸಿಪಾಯಿಗೆ ಒಂದು, ಸ್ಕಾಟ್ಲೆಂಡಿನವನಿಗೆ ಇನ್ನೊಂದು, ಐರ್ಲೆಂಡಿನ ಕ್ಯಾಥೊಲಿಕನಿಗೆ ಮತ್ತೊಂದು ಬೇಕಾಗಿತ್ತು. ಯೂರೋಪಿನಲ್ಲಿ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಎದ್ದ ಜಗಳಗಳು ಹಡಗು ಹತ್ತಿ ಬಂದು ಇಲ್ಲಿ ಕಲ್ಲು ಗಾರೆಯಾಗಿ ನಿಂತವು.

ಆ ಜಗಳಗಳು ನಮ್ಮವರ ಪಾಲಿಗೂ ಬಂದದ್ದು ವಿಚಿತ್ರವೇ ಸರಿ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚಿನ ಕನ್ನಡಿಗ ಲಂಡನ್ ಮಿಷನ್ನಿನವನು. ಹಡ್ಸನ್ ಸ್ಮಾರಕ ಚರ್ಚಿನ ಕನ್ನಡಿಗ ವೆಸ್ಲಿಯನ್. ಇಬ್ಬರ ಮನೆಮಾತು ಒಂದೇ, ಓದುತ್ತಿದ್ದ ಬೈಬಲ್ಲೂ ಒಂದೇ. ತಾವು ಬೇರೆ ಏಕೆಂದು ಕೇಳಿದ್ದರೆ ಇಬ್ಬರಿಗೂ ಉತ್ತರ ತೋಚುತ್ತಿತ್ತೆಂದು ನನಗನ್ನಿಸುವುದಿಲ್ಲ.

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವರು ಭಾರತೀಯ ಸಭಾಪಾಲಕರು. 1919ರ ಮೇ ತಿಂಗಳಿನಲ್ಲಿ, ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ, ಆಂಗ್ಲಿಕನ್ ಪಂಥದ ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯನವರ ಮುಂದಾಳುತನದಲ್ಲಿ ಅವರು ಕೂಡಿದರು. ಈ ಭೇದಗಳು ನಾವು ಮಾಡಿದವಲ್ಲ, ನಮ್ಮ ಮೇಲೆ ಹೊರಿಸಿದವು ಎಂಬುದು ಅವರ ಹೇಳಿಕೆಯ ತಿರುಳು. ಅಂದಿನಿಂದ ಐಕ್ಯಕ್ಕೆ 28 ವರ್ಷ ಹಿಡಿಯಿತು. ಅಜರಯ್ಯನವರು ಅದನ್ನು ಕಾಣದೆ 1945ರ ಹೊಸವರ್ಷದ ದಿನ ತೀರಿಕೊಂಡರು.

ಇಷ್ಟು ಕಾಲ ತಡೆದ ಗಂಟು ಯಾವುದು? ದೇವರ ವಿಷಯವಲ್ಲ, ಬಿಷಪ್ಪರ ವಿಷಯ. ಅಪೊಸ್ತಲರಿಂದ ಕೈಯಿಂದ ಕೈಗೆ ಇಳಿದು ಬಂದ ಬಿಷಪ್ಪರ ಪರಂಪರೆಯಲ್ಲಿ ದೀಕ್ಷೆ ಪಡೆದವನೇ ಪಾದ್ರಿ ಎಂದು ಆಂಗ್ಲಿಕನ್ನರ ನಂಬಿಕೆ. ಉಳಿದವರಲ್ಲಿ ಬಿಷಪ್ಪರೇ ಇರಲಿಲ್ಲ. ಅವರ ಪಾದ್ರಿಗಳು ಹೊಸದಾಗಿ ದೀಕ್ಷೆ ಪಡೆಯಲಿ ಎಂದರೆ, ಅಷ್ಟು ದಿನ ಅವರು ಬಡಿಸಿದ ಪ್ರಭುಭೋಜನ ಪೊಳ್ಳೆಂದು ಅವರಿಂದಲೇ ಒಪ್ಪಿಸಿದಂತೆ. ಕೊನೆಗೆ ಗೊತ್ತಾದದ್ದು ಇಷ್ಟು: ಯಾರಿಗೂ ಮರುದೀಕ್ಷೆ ಇಲ್ಲ; ಇದ್ದವರೆಲ್ಲ ಇದ್ದಂತೆಯೇ ಸಭೆಯ ಸೇವಕರು; ಮುಂದಿನ ದೀಕ್ಷೆಗಳು ಮಾತ್ರ ಬಿಷಪ್ಪರ ಕೈಯಿಂದ. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಪಾದ್ರಿಯನ್ನಾಗಲಿ ಪೂಜಾಕ್ರಮವನ್ನಾಗಲಿ ಹೇರಬಾರದೆಂದು ಪ್ರತಿಜ್ಞೆಯೂ ಆಯಿತು. ವಿನಯವೆಂದರೆ ತಲೆತಗ್ಗಿಸಿ ನಿಲ್ಲುವ ಭಂಗಿಯೆಂದು ನಾವು ತಿಳಿದಿದ್ದೇವೆ. ಇಲ್ಲಿ ಅದು ಸಮಿತಿಯ ಕರಡುಗಳಲ್ಲಿ, ಒಂದೊಂದು ವಾಕ್ಯಕ್ಕೂ ಕಾದಾಡಿ, ಸಾವಕಾಶವಾಗಿ ಮೈದಾಳಿತು.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರವಾಗಿದ್ದಾಗ, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಮೂರೂ ಸೇರಿ ದಕ್ಷಿಣ ಭಾರತ ಸಭೆಯಾದವು. ಮೈಸೂರು ಪ್ರಾಂತಕ್ಕೆ ಬಿಷಪ್ಪರಾದವರು ಪಿ. ಗುರುಶಾಂತ; ಬಂದದ್ದು ಮೆಥಡಿಸ್ಟರ ಕಡೆಯಿಂದ.

ಕನ್ನಡದ ಮೇಷ್ಟರಾದ ನನ್ನನ್ನು ಸೆಳೆದದ್ದು ಹೊಸ ಸಭೆಯಲ್ಲಿ ರೂಢಿಗೆ ಬಂದ ಒಂದು ಸಣ್ಣ ಮಾತು. ಇಂಗ್ಲೆಂಡಿನ ರೀತಿಯಲ್ಲಾದರೆ ‘ಬಿಷಪ್ ಆಫ್ ಮೈಸೂರು’ ಎನ್ನಬೇಕು. ಇವರು ‘ಬಿಷಪ್ ಇನ್ ಮೈಸೂರು’ ಎಂದರು. ಷಷ್ಠೀ ವಿಭಕ್ತಿಯನ್ನು ಬಿಟ್ಟು ಸಪ್ತಮಿಯನ್ನು ಹಿಡಿದರು. ಷಷ್ಠಿ ಒಡೆತನವನ್ನು ಹೇಳಬಲ್ಲುದು. ಸಪ್ತಮಿ ಇರುವ ಎಡೆಯನ್ನಷ್ಟೇ ಹೇಳುತ್ತದೆ. ಊರಿನ ಒಡೆಯನಲ್ಲ, ಊರಿನಲ್ಲಿರುವವನು. ನಮ್ಮ ಮಕ್ಕಳಿಗೆ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸುವಾಗ ಇದನ್ನೊಂದು ಉದಾಹರಣೆಯಾಗಿ ಹೇಳುವುದುಂಟು. ಅಂದು ತರಗತಿ ನಿದ್ದೆ ಹೋಗುವುದಿಲ್ಲ.

ಎಲ್ಲರೂ ಮೆಚ್ಚಿದರೆಂದಲ್ಲ. ನಂದ್ಯಾಲದ ಕಡೆಯ ಆಂಗ್ಲಿಕನ್ನರು ಅನೇಕರು ಹೊರಗೇ ಉಳಿದರು. 1948ರಲ್ಲಿ ಲ್ಯಾಂಬೆತ್‌ನಲ್ಲಿ ಕೂಡಿದ ಆಂಗ್ಲಿಕನ್ ಬಿಷಪ್ಪರು ತಮ್ಮದೇ ಮಕ್ಕಳಿಗೆ ಪೂರ್ಣ ಸಂಬಂಧವನ್ನು ಕೊಡಲು ಹಿಂಜರಿದರು. ಬಾಗಿದ್ದಕ್ಕಾಗಿ ತಾಯಿಮನೆಯ ಮುನಿಸನ್ನು ಹೊರಬೇಕಾಯಿತು. ಅದು ಇಳಿಯಲು ದಶಕಗಳೇ ಬೇಕಾದವು. ಇಂದು ಈ ಸಭೆ ಜಗತ್ತಿನ ಆಂಗ್ಲಿಕನ್ನರ ಬಳಗದಲ್ಲೂ ಇದೆ, ಮೆಥಡಿಸ್ಟರ ಬಳಗದಲ್ಲೂ ಇದೆ. ಸಭೆಯೊಳಗೆ ಆಸ್ತಿ, ಚುನಾವಣೆಗಳ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಸುಳ್ಳಲ್ಲ. ಸಪ್ತಮಿಯನ್ನು ಬರೆಯುವುದು ಸುಲಭ.

ಒಂದು ಭಾನುವಾರ ಸಹೋದ್ಯೋಗಿಯೊಬ್ಬರು ದಂಡಿನ ಒಂದು ಚರ್ಚಿನ ಕನ್ನಡ ಆರಾಧನೆಗೆ ನನ್ನನ್ನು ಕರೆದೊಯ್ದರು. 1950ರಲ್ಲಿ ಈ ಸಭೆ ರೂಪಿಸಿಕೊಂಡ ಪ್ರಭುಭೋಜನದ ಕ್ರಮದಲ್ಲಿ ‘ಸಮಾಧಾನ’ವನ್ನು ಕೈಯಿಂದ ಕೈಗೆ ಸಾಗಿಸುವ ವಿಧಿಯೊಂದಿದೆ, ಕೇರಳದ ಸಿರಿಯನ್ ಕ್ರೈಸ್ತರಿಂದ ಎರವಾಗಿ ಬಂದದ್ದು. ಬಲ ಅಂಗೈಗೆ ಬಲ ಅಂಗೈ ಸೇರಿಸಿ, ಎಡಗೈಯನ್ನು ಎದುರಿನವರ ಬಲಗೈಯ ಮೇಲೆ ಮುಚ್ಚಬೇಕು. ಪಕ್ಕದಲ್ಲಿದ್ದ ಮುದುಕರು ನನ್ನತ್ತ ತಿರುಗಿದರು. ನಾನು ಈ ಸಭೆಯವನಲ್ಲವೆಂದು ಮೆಲ್ಲಗೆ ಹೇಳಿದೆ. ಅವರಿಗೆ ಕಿವಿ ಮಂದವೋ ಏನೋ, ಕೈಯನ್ನು ಬಿಡಲಿಲ್ಲ.

ಆರಾಧನೆ ಮುಗಿದ ಮೇಲೆ ಜನ ಬಾಗಿಲಲ್ಲಿ ಮಾತಿಗೆ ನಿಂತಿದ್ದರು. ಅದೇ ಮುದುಕರು ಎಲ್ಲರನ್ನೂ ಅವಸರಪಡಿಸುತ್ತ, ‘ಸ್ವಲ್ಪ ದಾರಿ ಬಿಡಿ, ತಮಿಳು ಆರಾಧನೆಯವರು ಬಿಸಿಲಿನಲ್ಲಿ ಕಾದಿದ್ದಾರೆ’ ಎಂದರು.